ಬೀದಿನಾಯಿ ಮತ್ತು ಊರಿನ ಹೊಣೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಅಲ್ಲಿ ದೊರೆತ ಕ್ರಿ.ಶ. 949-50ರ ಶಿಲಾಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನೆಂಬ ವೀರನನ್ನು ಅರಸನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳುವಂತೆ ಹೇಳಿದನಂತೆ. ಮಣಲೆರನು ಬೇಡಿದುದು ಕಾಳಿ ಎಂಬ ಒಂದು ನಾಯಿಯನ್ನು. ಮುಂದೆ ಬೇಟೆಯಲ್ಲಿ ಆ ನಾಯಿ ದೊಡ್ಡ ಕಾಡುಹಂದಿಯೊಂದರೊಡನೆ ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡುತ್ತಿರುವ ಚಿತ್ರ ಆ ಕಲ್ಲಿನ ಮೇಲೆ ಇಂದಿಗೂ ಉಳಿದಿದೆ.

ಸಾವಿರ ವರ್ಷಗಳ ಹಿಂದೆ ನಾಯಿಗಾಗಿ ಕಲ್ಲು ನೆಟ್ಟ ನಾಡಿನಲ್ಲಿ ಇಂದು ನಾಯಿಗೆ ದೊರೆಯುವುದು ಕಲ್ಲಿನ ಏಟು. ಬೀದಿಯಲ್ಲಿ ಸುಮ್ಮನೆ ಮಲಗಿದ ನಾಯಿಯನ್ನು ಒದ್ದು ಎಬ್ಬಿಸುವವರುಂಟು. ಅಂಗಡಿಯ ಮುಂದೆ ನಿಂತುದಕ್ಕೆ ಕುದಿಯುವ ನೀರು ಎರಚುವವರುಂಟು. ದೀಪಾವಳಿಯ ದಿನ ಅದರ ಬಾಲಕ್ಕೆ ಪಟಾಕಿ ಕಟ್ಟಿ ನಗುವ ಹುಡುಗರೂ ಉಂಟು. ಅನ್ನದಲ್ಲಿ ವಿಷ ಬೆರೆಸಿ ಇಡುವ ಕ್ರೂರಿಗಳೂ ಇಲ್ಲದಿಲ್ಲ. ಕಡುಕಷ್ಟದ ಬಾಳನ್ನು ಕನ್ನಡಿಗರು ‘ನಾಯಿಪಾಡು’ ಎಂದು ಕರೆದಿರುವುದು ಸುಮ್ಮನೆ ಅಲ್ಲ.

ಆದರೆ ಇದು ಸತ್ಯದ ಒಂದು ಮುಖ ಮಾತ್ರ. ಇನ್ನೊಂದು ಮುಖವನ್ನೂ ನೋಡಬೇಕು. ಗುಂಪುಗೂಡಿದ ನಾಯಿಗಳಿಗೆ ಹೆದರಿ ಶಾಲೆಗೆ ಸುತ್ತುದಾರಿ ಹಿಡಿಯುವ ಮಗುವಿದೆ. ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುವ ಕಾರ್ಮಿಕನನ್ನು ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಮಗನ ಕಾಲಿನಿಂದ ರಕ್ತ ಸುರಿಯುವುದನ್ನು ಕಂಡ ತಾಯಿಗೆ ಪ್ರಾಣಿದಯೆಯ ಉಪದೇಶ ರುಚಿಸಲಾರದು. ಅವಳ ಭಯ ಸುಳ್ಳಲ್ಲ. ಅದನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ.

ಆ ಭಯಕ್ಕೆ ಬಲವಾದ ಕಾರಣವೂ ಇದೆ. ಹುಚ್ಚುನಾಯಿ ರೋಗ ಅಥವಾ ರೇಬೀಸ್ ಎಂಬುದು ಒಂದು ವೈರಾಣುವಿನಿಂದ ಬರುವ ರೋಗ. ಅದರ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡ ಮೇಲೆ ರೋಗಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದೂ, ಅವರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿನವರು ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮನುಷ್ಯರಿಗೆ ಈ ರೋಗ ತಗಲುವುದು ಬಹುಮಟ್ಟಿಗೆ ನಾಯಿಗಳಿಂದಲೇ. ರೋಗದ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನ ಮಕ್ಕಳು.

ಹೀಗಿರುವಾಗ ನಾಯಿಗಳನ್ನೆಲ್ಲ ಕೊಂದುಬಿಟ್ಟರೆ ಪೀಡೆ ಕಳೆಯುವುದಲ್ಲವೆ ಎಂದು ಹಲವರು ಕೇಳುತ್ತಾರೆ. ಈ ಉಪಾಯ ಹೊಸದೇನೂ ಅಲ್ಲ. ಬ್ರಿಟಿಷರ ಕಾಲದಿಂದ ಹಿಡಿದು ಹಲವು ದಶಕಗಳ ಕಾಲ ಭಾರತದ ಅನೇಕ ನಗರಗಳಲ್ಲಿ ನಾಯಿಗಳನ್ನು ಸಾಮೂಹಿಕವಾಗಿ ಕೊಲ್ಲಲಾಯಿತು. ಆದರೂ ನಾಯಿಗಳು ಮುಗಿಯಲಿಲ್ಲ, ರೋಗವೂ ತೊಲಗಲಿಲ್ಲ. ಇದಕ್ಕೆ ಕಾರಣ ಸರಳವಾಗಿದೆ. ಬೀದಿಯಲ್ಲಿ ಎಸೆದ ಅನ್ನ, ಎಲುಬು, ಕಸ ಇರುವವರೆಗೆ ಅಲ್ಲಿ ನಾಯಿಗೆ ಜೀವನವುಂಟು. ಒಂದು ಬೀದಿಯ ನಾಯಿಗಳನ್ನು ತೆಗೆದರೆ ಪಕ್ಕದ ಬೀದಿಯ ನಾಯಿಗಳು ಆ ಜಾಗಕ್ಕೆ ಬರುತ್ತವೆ. ಹೆಣ್ಣುನಾಯಿ ಸುಮಾರು ಎರಡು ತಿಂಗಳು ಗಬ್ಬವಾಗಿದ್ದು ಒಂದೇ ಸೂಲಿನಲ್ಲಿ ಹಲವು ಮರಿಗಳನ್ನು ಹಾಕುತ್ತದೆ. ವರ್ಷಕ್ಕೆ ಎರಡು ಬಾರಿ ಮರಿ ಹಾಕುವುದೂ ಉಂಟು. ಕೊಲ್ಲುವ ಕೈಗಿಂತ ಹುಟ್ಟಿನ ವೇಗ ಹೆಚ್ಚು. ಅದಲ್ಲದೆ, ಲಸಿಕೆ ಪಡೆದ ನಾಯಿಯನ್ನು ಕೊಂದರೆ ಆ ಬೀದಿಗೆ ಕಾವಲಾಗಿದ್ದ ಪ್ರಾಣಿಯನ್ನೇ ಕಳೆದುಕೊಂಡಂತಾಗುತ್ತದೆ. ಊರಿನ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕಾದರೂ ಲಸಿಕೆ ಹಾಕಿದರೆ ರೋಗ ನಾಯಿಯಿಂದ ನಾಯಿಗೆ ಹರಡುವ ಸರಪಳಿ ಕಡಿಯುತ್ತದೆಂದು ತಜ್ಞರು ಕಂಡುಕೊಂಡಿದ್ದಾರೆ.

ದೇಶದ ಕಾನೂನು ಕೂಡ ಇದೇ ದಾರಿಯಲ್ಲಿ ಸಾಗಿದೆ. ಪ್ರಾಣಿಹಿಂಸೆಯನ್ನು ತಡೆಯುವ ಅಧಿನಿಯಮ 1960ರಲ್ಲಿ ಬಂದಿತು. 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಬಗ್ಗೆ ಅನುಕಂಪ ತೋರುವುದೂ ಒಂದು. ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂಬ ನಿಯಮಗಳು 2001ರಲ್ಲಿ ಜಾರಿಗೆ ಬಂದವು. 2023ರಲ್ಲಿ ಅವುಗಳ ಬದಲಿಗೆ ಹೊಸ ನಿಯಮಗಳು ಬಂದವು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ದೆಹಲಿ ಮತ್ತು ಸುತ್ತಣ ಪ್ರದೇಶದ ಬೀದಿನಾಯಿಗಳನ್ನು ಆಶ್ರಯಧಾಮಗಳಿಗೆ ಸಾಗಿಸುವಂತೆ ಆಜ್ಞಾಪಿಸಿದಾಗ ದೇಶದಲ್ಲೆಲ್ಲ ದೊಡ್ಡ ಚರ್ಚೆಯೇ ನಡೆಯಿತು. ಅದೇ ತಿಂಗಳ 22ರಂದು ನ್ಯಾಯಾಲಯವು ಆ ಆಜ್ಞೆಯನ್ನು ಮಾರ್ಪಡಿಸಿ, ರೋಗಪೀಡಿತವಾದ ಮತ್ತು ಆಕ್ರಮಣ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಗಳ ಅನಂತರ ಮೊದಲಿನ ಸ್ಥಳಕ್ಕೇ ಬಿಡಬೇಕೆಂದೂ, ಆಹಾರ ಹಾಕಲು ಗೊತ್ತಾದ ಜಾಗಗಳಿರಬೇಕೆಂದೂ ಹೇಳಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ, ರೈಲು ನಿಲ್ದಾಣ ಮುಂತಾದ ಆವರಣಗಳಿಂದ ನಾಯಿಗಳನ್ನು ತೆರವು ಮಾಡಿ, ಅಲ್ಲಿಗೆ ಮತ್ತೆ ಬಿಡಬಾರದೆಂದು ಆಜ್ಞೆ ಮಾಡಿತು. ಮನುಷ್ಯನ ಸುರಕ್ಷತೆ, ಪ್ರಾಣಿಯ ಬದುಕು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯಾಲಯಕ್ಕೂ ಸುಲಭವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಅದು ಬೀದಿಗೆ ಇಳಿಯಬೇಕು. ಇಳಿದರೆ ಏನಾಗಬಹುದೆಂಬುದಕ್ಕೆ ನಿದರ್ಶನಗಳಿವೆ. ರಾಜಸ್ಥಾನದ ಜಯಪುರದಲ್ಲಿ ಪ್ರಾಣಿಸೇವಾ ಸಂಸ್ಥೆಯೊಂದು 1994ರಿಂದ 2002ರವರೆಗೆ ಸುಮಾರು 25,000 ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಕೊಟ್ಟಿತು. ಆ ಭಾಗದಲ್ಲಿ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ತಗ್ಗಿತು. ಮನುಷ್ಯರಲ್ಲಿ ರೇಬೀಸ್ ಪ್ರಕರಣಗಳು ಇಲ್ಲವಾದವು. ಕೊಲ್ಲದೆಯೇ ಸಾಧಿಸಿದ ಫಲವಿದು.

ಕರ್ನಾಟಕದ ನೆರೆಯ ಗೋವಾದ ಅನುಭವ ಇನ್ನೂ ಬೋಧಪ್ರದವಾದುದು. ಅಲ್ಲಿ 2013ರ ಅನಂತರ ಸರ್ಕಾರವೂ ಸೇವಾಸಂಸ್ಥೆಗಳೂ ಕೈಗೂಡಿಸಿ ದುಡಿದವು. ಲಸಿಕೆ ಹಾಕುವವರು ಬೀದಿಬೀದಿ ಸುತ್ತಿ, ಲಸಿಕೆ ಪಡೆದ ನಾಯಿಯ ಮೈಮೇಲೆ ಗುರುತಿಗಾಗಿ ಬಣ್ಣ ಹಚ್ಚಿ, ಲೆಕ್ಕ ಇಟ್ಟರು. ಅದರ ಜೊತೆಗೆ ಇನ್ನೊಂದು ಕೆಲಸವೂ ನಡೆಯಿತು. ಕಾರ್ಯಕರ್ತರು ಶಾಲೆಗಳಿಗೆ ಹೋದರು. ವರ್ಷವೊಂದಕ್ಕೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ನಾಯಿಯ ಸ್ವಭಾವವನ್ನೂ, ಕಚ್ಚಿದರೆ ಮಾಡಬೇಕಾದುದನ್ನೂ ತಿಳಿಸಿದರು. ಮಕ್ಕಳ ಬಾಯಿಂದ ಆ ತಿಳಿವಳಿಕೆ ಮನೆಮನೆಗೆ ಮುಟ್ಟಿತು. ಹುಚ್ಚು ಹಿಡಿದಂತೆ ಕಾಣುವ ನಾಯಿಯ ಸುದ್ದಿಯನ್ನು ಜನರೇ ದೂರವಾಣಿಯ ಮೂಲಕ ತಿಳಿಸತೊಡಗಿದರು. 2021ರಲ್ಲಿ ಗೋವಾ ಸರ್ಕಾರವು, ಹಿಂದಿನ ಮೂರು ವರ್ಷಗಳಲ್ಲಿ ರಾಜ್ಯದಲ್ಲಿ ಒಬ್ಬರೂ ಈ ರೋಗದಿಂದ ಸತ್ತಿಲ್ಲವೆಂದು ಪ್ರಕಟಿಸಿತು. ರೋಗ ಗಡಿ ದಾಟಿ ಮತ್ತೆ ಬರಬಲ್ಲದು. ಆದುದರಿಂದ ಇಂಥ ಕೆಲಸಕ್ಕೆ ಮುಕ್ತಾಯವೆಂಬುದಿಲ್ಲ.

ಗೋವಾದ ನಿದರ್ಶನದಿಂದ ತಿಳಿಯಬೇಕಾದ ಮುಖ್ಯ ವಿಷಯವೆಂದರೆ, ಲಸಿಕೆಯಷ್ಟೇ ತಿಳಿವಳಿಕೆಯೂ ಅಗತ್ಯ ಎಂಬುದು. ಈ ತಿಳಿವಳಿಕೆಯನ್ನು ಹರಡುವುದಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಬಾರದು. ಕೈಗಳನ್ನು ಮೈಗೆ ಸೇರಿಸಿ, ಅದರ ಕಣ್ಣನ್ನು ದಿಟ್ಟಿಸದೆ, ಮರದಂತೆ ಅಲುಗದೆ ನಿಲ್ಲಬೇಕು. ಉಣ್ಣುತ್ತಿರುವ, ಮಲಗಿರುವ, ಮರಿಗಳೊಡನಿರುವ ನಾಯಿಯ ಹತ್ತಿರ ಹೋಗಬಾರದು. ಕಲ್ಲೆಸೆತಕ್ಕೆ ಒಳಗಾದ ನಾಯಿ ಮನುಷ್ಯನನ್ನು ಶತ್ರುವೆಂದೇ ಬಗೆಯುತ್ತದೆ. ಒಬ್ಬ ಹುಡುಗ ಎಸೆದ ಕಲ್ಲಿಗೆ ಮರುದಿನ ಇನ್ನೊಬ್ಬ ಹುಡುಗ ಬೆಲೆ ತೆರಬೇಕಾಗಬಹುದು.

ಕಚ್ಚಿದಾಗ ಮಾಡಬೇಕಾದುದು ಇನ್ನೂ ಮುಖ್ಯವಾದುದು. ಗಾಯವನ್ನು ಕೂಡಲೆ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷಗಳ ಕಾಲ ತೊಳೆಯಬೇಕು. ಅರಿಶಿನ, ಕಾರದ ಪುಡಿ, ಸುಣ್ಣ ಮೊದಲಾದವನ್ನು ಮೆತ್ತಬಾರದು. ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಲ್ಲಿ ಲಸಿಕೆಯ ಎಲ್ಲ ಸುತ್ತುಗಳನ್ನೂ ಪೂರೈಸಬೇಕು. ಹೊಟ್ಟೆಗೆ ಸಾಲಾಗಿ ಚುಚ್ಚುತ್ತಿದ್ದ ಹಳೆಯ ಮದ್ದು ಈಗ ಬಳಕೆಯಲ್ಲಿಲ್ಲ. ಆ ಭಯಕ್ಕೆ ಆಸ್ಪದವೇ ಇಲ್ಲ. “ಮರಿ ಪರಚಿದ್ದಷ್ಟೆ, ಏನೂ ಆಗುವುದಿಲ್ಲ” ಎಂಬ ಉದಾಸೀನವೂ, ಮನೆಯಲ್ಲಿ ಬೈಯುತ್ತಾರೆಂದು ಗಾಯವನ್ನು ಮುಚ್ಚಿಡುವ ಮಗುವಿನ ಅಂಜಿಕೆಯೂ ಪ್ರಾಣಕ್ಕೇ ಎರವಾಗಬಹುದು. ಬೈಯುವುದಕ್ಕಿಂತ ಮೊದಲು ಗಾಯ ತೊಳೆಯಬೇಕೆಂಬುದನ್ನು ಹಿರಿಯರು ಕಲಿಯಬೇಕಾಗಿದೆ.

ನಾಯಿಯನ್ನು ಪ್ರೀತಿಸುವವರಿಗೂ ಹೇಳಬೇಕಾದ ಮಾತೊಂದಿದೆ. ಕಂಡಕಂಡಲ್ಲಿ ಅನ್ನ ಸುರಿದು ಹೋಗುವುದು ಪೂರ್ಣವಾದ ದಯೆಯಲ್ಲ. ಮಕ್ಕಳು ಆಡುವ ಸ್ಥಳ, ಮನೆಯ ಬಾಗಿಲು, ಮೆಟ್ಟಿಲುಗಳಿಂದ ದೂರವಾದ ಜಾಗದಲ್ಲಿ ಆಹಾರ ಹಾಕಬೇಕೆಂದು 2023ರ ನಿಯಮಗಳು ಹೇಳಿವೆ. ಅನ್ನ ಹಾಕಿದ ಕೈ ಲಸಿಕೆ ಹಾಕಿಸುವುದಕ್ಕೂ ಮುಂದಾಗಬೇಕು. ಅನ್ನದಿಂದ ಪಳಗಿದ ನಾಯಿಯನ್ನು ಹಿಡಿಯುವುದು ಸುಲಭ. ಪಶುವೈದ್ಯನಿಗೆ ಅಂಥವರ ನೆರವು ಅಮೂಲ್ಯವಾದುದು. ಮುದ್ದಿಗೆಂದು ಮರಿಯನ್ನು ಸಾಕಿ, ಬೆಳೆದ ಮೇಲೆ ಬೀದಿಗೆ ಅಟ್ಟುವವನಂತೂ ನಾಯಿಗೂ ಊರಿಗೂ ದ್ರೋಹ ಬಗೆದಂತೆಯೇ ಸರಿ.

ಮನುಷ್ಯರಿಗೇ ಕೊರತೆಯಿರುವಾಗ ನಾಯಿಗಳಿಗಾಗಿ ಹಣ ವ್ಯಯಿಸುವುದು ಉಚಿತವೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ನಾಯಿಗೆ ಹಾಕಿದ ಲಸಿಕೆ ಕಾಪಾಡುವುದು ಬರಿಯ ನಾಯಿಯನ್ನಲ್ಲ. ಬರಿಗಾಲಿನಲ್ಲಿ ಬೀದಿಯಲ್ಲಿ ಆಡುವ ಬಡವರ ಮಗುವನ್ನು ಕೂಡ. ಕಸದ ರಾಶಿಯನ್ನು ತೆಗೆದರೆ ನಾಯಿಗಳ ಗುಂಪು ಕರಗುವುದಷ್ಟೇ ಅಲ್ಲ, ಇಲಿ, ನೊಣಗಳ ಕಾಟವೂ ತಗ್ಗುತ್ತದೆ. ಇಲ್ಲಿ ಪ್ರಾಣಿದಯೆಯೂ ಜನಹಿತವೂ ಬೇರೆಬೇರೆಯಲ್ಲ.

ಸ್ವರ್ಗದ ಬಾಗಿಲಿನವರೆಗೆ ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಒಳಗೆ ಕಾಲಿಡಲು ಧರ್ಮರಾಯನು ಒಪ್ಪಲಿಲ್ಲವೆಂಬ ಕಥೆ ಮಹಾಭಾರತದಲ್ಲಿ ಬರುತ್ತದೆ. ಆ ಕಥೆಯನ್ನು ಕೇಳಿ ತಲೆದೂಗುವವರು, ತಮ್ಮ ಬೀದಿಯಲ್ಲಿಯೇ ಇರುವ ನಾಯಿಯ ವಿಷಯದಲ್ಲಿ ಏನು ಮಾಡಬೇಕೆಂಬುದನ್ನೂ ಯೋಚಿಸಬೇಕು. ಸಂತಾನಹರಣ ಚಿಕಿತ್ಸೆಯಾದ ನಾಯಿಯ ಕಿವಿಯ ಅಂಚನ್ನು ಗುರುತಿಗಾಗಿ ಸ್ವಲ್ಪ ಕತ್ತರಿಸಿರುತ್ತಾರೆ. ಒಂದು ಬೀದಿಯ ನಾಯಿಗಳ ಕಿವಿಯಲ್ಲಿ ಆ ಗುರುತು ಇದೆಯೋ ಇಲ್ಲವೋ ಎಂದು ದೂರದಿಂದಲೇ ನೋಡಿ, ಇಲ್ಲದವುಗಳ ಪಟ್ಟಿ ಮಾಡಿ, ಹಿರಿಯರ ಮೂಲಕ ಪಂಚಾಯಿತಿಗೋ ನಗರಸಭೆಗೋ ಅರ್ಜಿ ಕೊಡುವುದು ವಿದ್ಯಾರ್ಥಿಗಳಿಂದಲೂ ಆಗುವ ಕೆಲಸ. ಆತಕೂರಿನವರಂತೆ ನಾಯಿಗೆ ಕಲ್ಲು ನೆಡಿಸಬೇಕಾಗಿಲ್ಲ; ಕೈಗೆತ್ತಿಕೊಂಡ ಕಲ್ಲನ್ನು ಕೆಳಗಿಟ್ಟು, ಆ ಕೈಯಿಂದ ಇಂಥದೊಂದು ಅರ್ಜಿ ಬರೆದರೆ ಸಾಕು.