ಸೈಡ್ ಮಿರರ್ ಸುಳ್ಳು ಹೇಳುತ್ತದೆಯೇ? ಹಳೆಯ ಪಿಕಪ್‌ನ ಕನ್ನಡಿ ಬದಲಿಸುವ ಮುನ್ನ ತಿಳಿದಿರಬೇಕಾದದ್ದು

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಆಳಂದ–ಕಲಬುರಗಿ ರಸ್ತೆಯಲ್ಲಿ ಪಿಕಪ್ ಗಾಡಿಗಳ ಓಡಾಟ ಜೋರಾಗುತ್ತದೆ. ಕೆಲವು ಚೀಲ ತುಂಬಿಕೊಂಡು ಮಾರುಕಟ್ಟೆಗೆ ಹೊರಟಿರುತ್ತವೆ, ಕೆಲವು ಜೋಳದ ಕಣಿಕಿ ಹೇರಿಕೊಂಡು ಊರಿಗೆ ಮರಳುತ್ತಿರುತ್ತವೆ. ಇವುಗಳಲ್ಲಿ ಹತ್ತು-ಹದಿನೈದು ವರ್ಷ ದುಡಿದ ಗಾಡಿಗಳ ಕನ್ನಡಿಯನ್ನು ಒಮ್ಮೆ ಗಮನಿಸಿ. ಒಂದಕ್ಕೆ ಎಡಗಡೆಯ ಕನ್ನಡಿಯೇ ಇರುವುದಿಲ್ಲ. ಇನ್ನೊಂದರದ್ದು ಹಳೆಯ ಟ್ಯೂಬಿನ ರಬ್ಬರ್ ಕಟ್ಟಿದ್ದರಿಂದ ನಿಂತಿರುತ್ತದೆ. ಮತ್ತೊಂದರ ಚೌಕಟ್ಟಿನಲ್ಲಿ ಗಾಜಿನ ಅಂಗಡಿಯಿಂದ ಕತ್ತರಿಸಿ ತಂದ, ಮನೆಯಲ್ಲಿ ಮುಖ ನೋಡಿಕೊಳ್ಳುವ ಕನ್ನಡಿ ಕೂತಿರುತ್ತದೆ.

ಈ ಮೂರನೆಯದರ ಹಿಂದೆ ದುಡ್ಡು ಉಳಿಸುವ ಯೋಚನೆ ಮಾತ್ರ ಇರುವುದಿಲ್ಲ, ಒಂದು ನಂಬಿಕೆಯೂ ಇರುತ್ತದೆ. ಗಾಡಿಯ ಜೊತೆ ಬಂದ ಕನ್ನಡಿ ಹತ್ತಿರ ಇರುವುದನ್ನು ದೂರ ತೋರಿಸಿ ಮೋಸ ಮಾಡುತ್ತದೆ, ಸಪಾಟಾದ ಕನ್ನಡಿ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ, ಆದ್ದರಿಂದ ಸಪಾಟಾದದ್ದೇ ಒಳ್ಳೆಯದು ಎನ್ನುವುದು ಆ ನಂಬಿಕೆ. ಇದು ನಿಜವೇ?

ಅರ್ಧ ನಿಜ. ಅಪಾಯ ಇರುವುದು ಉಳಿದರ್ಧದಲ್ಲಿ.

ಉಬ್ಬಿದ ಕನ್ನಡಿ ಏನು ಮಾಡುತ್ತದೆ?

ಹೆಚ್ಚಿನ ಗಾಡಿಗಳ ಸೈಡ್ ಮಿರರ್ ಸ್ವಲ್ಪ ಹೊರಕ್ಕೆ ಉಬ್ಬಿರುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನೇ ಪೀನ ದರ್ಪಣ ಎಂದು ಓದಿರುತ್ತೇವೆ. ಇದರಲ್ಲಿ ಎಲ್ಲವೂ ಚಿಕ್ಕದಾಗಿ ಕಾಣುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಮ್ಮ ಮಿದುಳು ದೂರದಲ್ಲಿದೆ ಎಂದು ಓದಿಕೊಳ್ಳುತ್ತದೆ.

ಎಷ್ಟು ದೂರ ಎಂದು ಲೆಕ್ಕ ಹಾಕೋಣ. ಕನ್ನಡಿಯ ವಕ್ರತಾ ತ್ರಿಜ್ಯ 1.2 ಮೀಟರ್, ಚಾಲಕನ ಕಣ್ಣಿನಿಂದ ಬಲಗನ್ನಡಿಗೆ 80 ಸೆಂ.ಮೀ. ಎಂದುಕೊಳ್ಳಿ. ಹಿಂದೆ 20 ಮೀಟರ್ ದೂರದಲ್ಲಿ ಒಂದು ಬೈಕ್ ಬರುತ್ತಿದ್ದರೆ, ಅದು ಸಪಾಟಾದ ಕನ್ನಡಿಯಲ್ಲಿ ಸುಮಾರು 47 ಮೀಟರ್ ದೂರದ ಬೈಕ್ ಕಾಣುವಷ್ಟು ಚಿಕ್ಕದಾಗಿ ಕಾಣುತ್ತದೆ.

ಈಗ ನಿಮ್ಮ ಗಾಡಿ ಗಂಟೆಗೆ 40 ಕಿ.ಮೀ., ಬೈಕ್ 60 ಕಿ.ಮೀ. ವೇಗದಲ್ಲಿದೆ ಎನ್ನಿ. ಬಲಕ್ಕೆ ಹೊಲದ ದಾರಿಗೆ ತಿರುಗಬೇಕು. ಕನ್ನಡಿ ನೋಡಿದಾಗ ಇನ್ನೂ ಎಂಟು ಸೆಕೆಂಡು ಸಮಯವಿದೆ ಎನ್ನಿಸುತ್ತದೆ. ನಿಜಕ್ಕೂ ಇರುವುದು ಮೂರೂವರೆ ಸೆಕೆಂಡು. ತಿರುಗಲು ನೀವು ವೇಗ ಇಳಿಸಿದರೆ ಅದೂ ಇಲ್ಲ.

ಹಾಗಾದರೆ ಸಪಾಟಾದ ಕನ್ನಡಿಯೇ ಸರಿಯಲ್ಲವೇ?

ಇಲ್ಲ. ಅದೇ ಲೆಕ್ಕದ ಇನ್ನೊಂದು ಮುಖ ನೋಡಿ. ಕನ್ನಡಿಯ ಅಗಲ 16 ಸೆಂ.ಮೀ. ಇದ್ದರೆ, ಸಪಾಟಾದದ್ದರಲ್ಲಿ 20 ಮೀಟರ್ ಹಿಂದಿನ ರಸ್ತೆಯ ಸುಮಾರು 4 ಮೀಟರ್ ಅಗಲ ಮಾತ್ರ ಕಾಣುತ್ತದೆ. ಉಬ್ಬಿದ ಕನ್ನಡಿಯಲ್ಲಿ ಒಂಬತ್ತು ಮೀಟರಿಗೂ ಹೆಚ್ಚು ಕಾಣುತ್ತದೆ. ಉಬ್ಬಿದ ಕನ್ನಡಿ ಬೈಕನ್ನು ಚಿಕ್ಕದಾಗಿ ತೋರಿಸುತ್ತದೆ, ಸಪಾಟಾದದ್ದು ಹಲವು ಸಲ ತೋರಿಸುವುದೇ ಇಲ್ಲ. ಚಿಕ್ಕದಾಗಿ ಕಂಡದ್ದಕ್ಕೆ ಅಭ್ಯಾಸದಿಂದ ಲೆಕ್ಕ ಹೊಂದಿಸಿಕೊಳ್ಳಬಹುದು. ಕಾಣದೇ ಇರುವುದಕ್ಕೆ ಯಾವ ಲೆಕ್ಕವೂ ಇಲ್ಲ.

ಅಮೆರಿಕದಲ್ಲಿ ಚಾಲಕನ ಪಕ್ಕದ ಕನ್ನಡಿ ಸಪಾಟಾಗಿರಬೇಕು ಎಂಬ ನಿಯಮವಿದೆ. ಉಬ್ಬಿದ ಕನ್ನಡಿ ಇರುವುದು ಆಚೆ ಬದಿಯಲ್ಲಿ, ಅದೂ ವಸ್ತುಗಳು ಕಾಣುವುದಕ್ಕಿಂತ ಹತ್ತಿರದಲ್ಲಿವೆ ಎಂಬ ಎಚ್ಚರಿಕೆಯೊಂದಿಗೆ. ಯುರೋಪಿನ ನಿಯಮ ಚಾಲಕನ ಬದಿಗೂ ಉಬ್ಬಿದ್ದನ್ನು ಒಪ್ಪುತ್ತದೆ. ಆದರೆ ಇಂಥ ಮುಖ್ಯ ಕನ್ನಡಿಗಳ ವಕ್ರತಾ ತ್ರಿಜ್ಯ 1.2 ಮೀಟರಿಗಿಂತ ಕಡಿಮೆ ಇರಬಾರದು ಎಂಬ ಮಿತಿ ಹಾಕುತ್ತದೆ. ಹಾಗಾಗಿ ಅಮೆರಿಕದ ವಿಡಿಯೋ ನೋಡಿ ನಮ್ಮ ಗಾಡಿಯ ಕನ್ನಡಿ ಬದಲಿಸುವುದು ಬೇಡ. ನಿಮ್ಮ ಮಾಡೆಲ್‌ಗೆ ಯಾವುದು ಬಂದಿತ್ತೋ ಅದನ್ನೇ ಹಾಕಿಸಿ.

ಮುಖ ನೋಡುವ ಕನ್ನಡಿಗೆ ಬೇರೆ ತೊಂದರೆಗಳೂ ಇವೆ. ಅಪಘಾತದಲ್ಲಿ ಅದು ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಕತ್ತರಿಸಿದ ಅಂಚಿನಿಂದ ಮಳೆನೀರು ಒಳಹೊಕ್ಕು ಹಿಂಬದಿಯ ಲೇಪ ಕಪ್ಪಾಗುತ್ತದೆ.

ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಹೇಗೆ?

ಒಂದು ಸ್ಕೇಲ್ ಸಾಕು. ಅದನ್ನು ಕನ್ನಡಿಯ ಮೇಲೆ ಅಡ್ಡ ಇಟ್ಟು ನೋಡಿ. ಉಬ್ಬಿದ ಕನ್ನಡಿಯಾದರೆ ಸ್ಕೇಲ್ ನಡುವೆ ಮಾತ್ರ ತಾಗುತ್ತದೆ, ತುದಿಗಳಲ್ಲಿ ಸಂದು ಉಳಿಯುತ್ತದೆ. ಮೇಲಿನ ಲೆಕ್ಕದ ಕನ್ನಡಿಗೆ ಈ ಸಂದು ಎರಡೂವರೆ ಮಿ.ಮೀ. ಆಸುಪಾಸು ಇರುತ್ತದೆ. ಸಂದು ಅದಕ್ಕಿಂತ ತುಂಬಾ ಹೆಚ್ಚಿದ್ದರೆ ಕನ್ನಡಿ ಅತಿಯಾಗಿ ಉಬ್ಬಿದೆ ಎಂದರ್ಥ. ನಂತರ ಅಂಗಡಿಯ ಟ್ಯೂಬ್‌ಲೈಟನ್ನು ಅದರಲ್ಲಿ ನೋಡುತ್ತಾ ಕನ್ನಡಿಯನ್ನು ನಿಧಾನಕ್ಕೆ ಓರೆ ಮಾಡಿ. ಬಿಂಬ ನೀರಿನ ಅಲೆಯಂತೆ ನುಲಿದರೆ ಅದು ಕಳಪೆ ಮಾಲು.

ಮೂಲೆಗೆ ಅಂಟಿಸುವ ಪುಟ್ಟ ದುಂಡು ಕನ್ನಡಿಗಳು ಬಹಳ ಹೆಚ್ಚು ಉಬ್ಬಿರುತ್ತವೆ. ಹಿಂದಿನ ಚಕ್ರದ ಪಕ್ಕ ಯಾರಾದರೂ ಇದ್ದಾರೆಯೇ ಎಂದು ನೋಡಲು ಅವು ಒಳ್ಳೆಯವು. ದೂರ ಅಂದಾಜು ಮಾಡಲು ಅವನ್ನು ನಂಬಬೇಡಿ.

ಉದ್ದ ತೋಳಿನ ಕನ್ನಡಿ ಹಾಕಿಸಬಹುದೇ?

ಕಣಿಕಿ ಹೇರಿದಾಗ ಲೋಡ್ ಗಾಡಿಯ ಮೈಯಿಂದ ಹೊರಚಾಚಿ, ಕನ್ನಡಿಯಲ್ಲಿ ಬರೀ ಕಣಿಕಿಯೇ ಕಾಣುತ್ತದೆ. ಅದಕ್ಕೆ ಕೆಲವರು ಉದ್ದನೆಯ ತೋಳು ಬೆಸುಗೆ ಹಾಕಿಸುತ್ತಾರೆ. ತೋಳು ಉದ್ದವಾದಷ್ಟೂ ನಡುಕ ಹೆಚ್ಚು. ನಡುಗುವ ಕನ್ನಡಿಯಲ್ಲಿ ಬೈಕಿನ ಒಂಟಿ ದೀಪ ಬರೀ ಬೆಳಕಿನ ಗೆರೆಯಾಗುತ್ತದೆ. ಎದುರು ಬರುವ ಗಾಡಿಗೆ, ರಸ್ತೆ ಬದಿ ನಡೆಯುವವರಿಗೆ ತಗಲುವ ಅಪಾಯವೂ ಇದೆ. ಲೋಡನ್ನು ಗಾಡಿಯ ಅಗಲದೊಳಗೆ ಇಡುವುದೇ ಸರಿಯಾದ ದಾರಿ.

ಕನ್ನಡಿ ಬದಲಿಸಿದರೆ ಆರ್‌ಟಿಒ ಅನುಮತಿ ಬೇಕೇ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುವುದು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು. ಒಡೆದ ಕನ್ನಡಿಯ ಜಾಗಕ್ಕೆ ಅದೇ ಬಗೆಯ ಹೊಸದನ್ನು ಹಾಕುವುದು ಆ ಸಾಲಿಗೆ ಬರುವುದಿಲ್ಲ. ಆದರೆ ಕನ್ನಡಿ ಇಲ್ಲದೆ ಓಡಿಸುವಂತಿಲ್ಲ. ಬಾಡಿಗೆ ಹೊಡೆಯುವ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆ ಆಗಬೇಕು. ಅದರಲ್ಲಿ ಕನ್ನಡಿಯನ್ನೂ ನೋಡುತ್ತಾರೆ.

ಹೊಂದಿಸುವುದರಲ್ಲೇ ಇದೆ ಅರ್ಧ ಕೆಲಸ

ಎಂಥ ಒಳ್ಳೆಯ ಕನ್ನಡಿಯೂ ತಪ್ಪು ಕೋನದಲ್ಲಿದ್ದರೆ ವ್ಯರ್ಥ. ಚಾಲಕ ತನ್ನ ಸೀಟಿನಲ್ಲಿ ದಿನಾ ಕೂರುವಂತೆಯೇ ಕೂತು ಕನ್ನಡಿ ಹೊಂದಿಸಬೇಕು. ಒಳ ಅಂಚಿನಲ್ಲಿ ಗಾಡಿಯ ಮೈ ತೆಳುವಾಗಿ ಕಂಡರೆ ಸಾಕು, ಉಳಿದದ್ದೆಲ್ಲ ರಸ್ತೆಯಾಗಿರಲಿ. ಲೋಡ್ ಹಾಕಿದ ಮೇಲೆ ಮತ್ತೊಮ್ಮೆ ನೋಡಿ. ಹಿಂಭಾಗ ಕುಸಿದಾಗ ಕನ್ನಡಿಯೂ ನೆಲದ ಕಡೆ ವಾಲುತ್ತದೆ, ದೂರದ ಗಾಡಿಗಳು ಮೇಲಂಚಿಗೆ ಸರಿದು ಮರೆಯಾಗುತ್ತವೆ.

ಕೊನೆಗೆ ಎರಡು ಪ್ರಯೋಗ. ಗಾಡಿಯನ್ನು ಖಾಲಿ ಬಯಲಿನಲ್ಲಿ ನಿಲ್ಲಿಸಿ ಮಾಡಿ. ಮೊದಲನೆಯದು: ಹಿಂದೆ ದೊಡ್ಡ ಹೆಜ್ಜೆಯಲ್ಲಿ ಸುಮಾರು 25 ಅಳೆದು ಬೈಕ್ ನಿಲ್ಲಿಸಿ, ಕನ್ನಡಿಯಲ್ಲಿ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ನೋಡಿಟ್ಟುಕೊಳ್ಳಿ. ರಸ್ತೆಯಲ್ಲಿ ಅಷ್ಟು ದೊಡ್ಡದಾಗಿ ಕಂಡ ಬೈಕ್ ಆಗಲೇ ನಿಮ್ಮ ಬೆನ್ನ ಹಿಂದಿದೆ ಎಂದು ತಿಳಿಯಿರಿ. ಎರಡನೆಯದು: ಒಬ್ಬರನ್ನು ಹಿಂದಿನಿಂದ ನಿಮ್ಮ ಬಲಬದಿಗೆ ನಡೆದು ಬರಲು ಹೇಳಿ. ಅವರು ಕನ್ನಡಿಯಿಂದ ಮಾಯವಾಗಿ, ಇನ್ನೂ ಕಿಟಕಿಯಲ್ಲಿ ಕಾಣದಿರುವ ಜಾಗ ಒಂದು ಸಿಗುತ್ತದೆ. ಅದೇ ನಿಮ್ಮ ಗಾಡಿಯ ಬ್ಲೈಂಡ್ ಸ್ಪಾಟ್. ತಿರುಗುವ ಮುನ್ನ ಕುತ್ತಿಗೆ ಹೊರಳಿಸಿ ನೋಡಬೇಕಾದ್ದು ಆ ಜಾಗವನ್ನೇ.

ಮನೆಯಲ್ಲಿ ಪಿಕಪ್ ಓಡಿಸುವವರಿದ್ದರೆ ಅವರಿಗೆ ಇದನ್ನು ಕಳುಹಿಸಿ. ಬೈಕ್ ಓಡಿಸುವವರಿಗೂ ಕಳುಹಿಸಿ. ನೀವು ಹಿಂದಿನಿಂದ ಬರುತ್ತಿರುವುದು ಮುಂದಿನ ಚಾಲಕನಿಗೆ ಕಂಡಿದೆ ಎಂದು ನಂಬಿ ಓವರ್‌ಟೇಕ್ ಮಾಡುವವರು ಅವರೇ ತಾನೇ?