ಅಲ್ಪಪ್ರಾಣದವರ ಭಾಷಣ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಈ ಮೂರು ಪೇಟೆಗಳಲ್ಲಿ ಭಾಷಣ ಕಲೆಯ ಶಿಬಿರಗಳಿಗೆ ಬರವಿಲ್ಲ. ಜೇಸಿಯವರು ನಡೆಸುತ್ತಾರೆ, ಕಾಲೇಜಿನವರು ನಡೆಸುತ್ತಾರೆ. ನಡೆಸಲಿ. ನಾವೂ ಹೋಗಿ ಕೂತವರೇ. ನೆಟ್ಟಗೆ ನಿಲ್ಲಬೇಕು, ಸಭಿಕರ ಮುಖ ನೋಡಬೇಕು, ಮೈಕನ್ನು ನುಂಗಬಾರದು. ಎಲ್ಲ ಸರಿಯೇ. ಆದರೆ ಇಂಥ ಒಂದು ಶಿಬಿರದಲ್ಲಿ ನಮ್ಮ ಗೆಳೆಯನೊಬ್ಬ ಎದ್ದು ನಿಂತು 'ಸಂವಿದಾನ' ಅಂದ. ಸಭೆ ಕಿಸಕ್ಕನೆ ನಕ್ಕಿತು. ಅವನಿಗೆ ಕೊಟ್ಟದ್ದು ಮೂರು ನಿಮಿಷ. ಎರಡು ನಿಮಿಷ ಆ 'ಧ'ಕಾರ ತಿದ್ದುವುದಕ್ಕೇ ಹೋಯಿತು. ಸಂವಿಧಾನದಲ್ಲಿ ಎಂತ ಉಂಟು ಅಂತ ಅವನು ಹೇಳಲಿಕ್ಕಿದ್ದ. ಅದು ಹೊಟ್ಟೆಯಲ್ಲೇ ಉಳಿಯಿತು.

ಹೌದು ಸ್ವಾಮೀ, ನಾವು ಅಲ್ಪಪ್ರಾಣದವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ, ವೇದಿಕೆಗೆ ಬಂದರೆ ಸಂಸ್ಕೃತದ ಜರಿಶಾಲು ಹೊದ್ದ ಕನ್ನಡ. ಮೂರು ಮೆಟ್ಟಿಲು ಹತ್ತಿ ಬಂದವನ ಏದುಸಿರಿಗೆ ನೀವು 'ಸಭಾಕಂಪನ' ಅಂತ ಹೆಸರಿಡುತ್ತೀರಿ. ಅದು ಅವನೊಬ್ಬನ ಅಂಜಿಕೆಯೇ? ಅವನ ಅಜ್ಜ ಮೂಲದಾಳಾಗಿ ಅಂಗಳದಾಚೆ ನಿಂತು ಜೀವಮಾನವೆಲ್ಲ ಆಡಿದ್ದು 'ಹೌದು ಧಣಿ' ಎಂಬ ಎರಡೇ ಮಾತು. ಆ ನಡುಕ ಅಲ್ಲಿಂದ ಬಂದದ್ದು.

ನಮಗೆ ಮಾತು ಬಾರದೆ? ಭೂತಕೋಲದಲ್ಲಿ ನಲಿಕೆ, ಪಂಬದ, ಪರವ ಬಂಧುಗಳು ಅಣಿ ಕಟ್ಟಿ ನುಡಿ ಕೊಡುವಾಗ ಗುತ್ತಿನ ಯಜಮಾನ ಕೈಮುಗಿದು ಕೇಳುತ್ತಾನೆ. ನೇಜಿ ನೆಡುತ್ತ ನಮ್ಮ ಅಮ್ಮಂದಿರು ಹೊತ್ತು ಮುಳುಗುವ ತನಕ ಪಾಡ್ದನ ಹೇಳುತ್ತಿದ್ದರು, ಕೈಯಲ್ಲಿ ಚೀಟಿ ಇರಲಿಲ್ಲ. ಯಾವ ಶಿಬಿರದಲ್ಲಿ ಕಲಿತದ್ದು ಅದು? ಆದರೆ ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಕೂಲಿ ಹೆಚ್ಚು ಮಾಡಿ ಅಂದರೆ, 'ಇವನ ಬಾಯಿ ಜಾಸ್ತಿಯಾಯಿತು' ಅನ್ನುತ್ತಾರೆ. ಇಲ್ಲಿ ಕೊರತೆ ನಮ್ಮ ನಾಲಗೆಯದಲ್ಲ, ನಿಮ್ಮ ಕಿವಿಯದು.

1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದರು. ಬೀದಿಗಳು ಹೊತ್ತಿಕೊಂಡವು, ಅವರ ಮಂತ್ರಿಗಿರಿ ಹೋಯಿತು. ಉಚ್ಚಾರಣೆ ತಪ್ಪಿದ್ದಕ್ಕಲ್ಲ, ದಲಿತನೊಬ್ಬ ಹಾಗೆ ಹೇಳಿದ್ದಕ್ಕೆ. ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಆ ಕಿಚ್ಚೂ ಒಂದು ಕಾರಣ. 1949ರ ನವೆಂಬರ್ 25ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ನಿಂತು, ಓಟಿನಲ್ಲಿ ಸಮಾನತೆ ಬಂದರೂ ಬದುಕಿನಲ್ಲಿ ಅಸಮಾನತೆ ಉಳಿಯುತ್ತದೆ ಎಂದು ಎಚ್ಚರಿಸಿದರು. ಆ ಭಾಷಣದ ಬಲ ಕೈ ಬೀಸಿದ್ದರಲ್ಲಿಲ್ಲ, ಓದಿನಲ್ಲಿದೆ.

ಹಾಗಾದರೆ ಕಲಿಯುವುದು ಬೇಡವೇ? ಬೇಕು, ಹಟ ಹಿಡಿದು ಕಲಿಯಬೇಕು. ಆದರೆ ಬಹುಮಾನದ ಲೋಟಕ್ಕಲ್ಲ. ನಮ್ಮ ಶಿಬಿರ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಬ್ರಿಟಿಷರ ಕಾಲದಲ್ಲಿ ಕಲೆಕ್ಟರರು ನಮಗೆಂದೇ ಕಾದಿರಿಸಿದ ಡಿ.ಸಿ. ಮನ್ನಾ ಜಾಗ ಈಗ ಯಾರ ಕೈಯಲ್ಲುಂಟು? ಕೇಳೋಣ. 'ದಲಿತರಿಗೆ ಅನ್ಯಾಯವಾಗಿದೆ' ಅಂದರೆ ಚಪ್ಪಾಳೆ ತಟ್ಟಿ ಕೂರಿಸುತ್ತಾರೆ. ಸರ್ವೆ ನಂಬರ್ ಹೇಳಿದರೆ ಕಾರ್ಯದರ್ಶಿ ತಲೆ ಎತ್ತುತ್ತಾನೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ಕಾಗದ ಹಿಡಿದೇ ಹೋಗೋಣ. ತುಳು ಬಂದರೆ ತುಳುವಿನಲ್ಲೇ ಕೇಳೋಣ. ಮೊದಲು ಹೆಂಗಸರು ಏಳಲಿ. ಒಬ್ಬರ ಮೈಕ್ ಕಿತ್ತುಕೊಂಡರೆ ಇನ್ನೊಬ್ಬರು ಎದ್ದು ಅದೇ ಪ್ರಶ್ನೆ ಕೇಳಲಿ. ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರುವ ತನಕ ಕೂರುವುದು ಬೇಡ.

ಹಳ್ಳಿಯ ಮಾಷ್ಟ್ರುಗಳೇ, ಪ್ರತಿಭಾ ಕಾರಂಜಿಗೆ ನೀವೇ ಬರೆದ ಭಾಷಣವನ್ನು ಕಾಲನಿಯ ಮಗುವಿಗೆ ಬಾಯಿಪಾಠ ಮಾಡಿಸಬೇಡಿ. ತನ್ನ ಮನೆಯ ಬಾವಿಯ ಸಂಗತಿಯನ್ನು ಅದು ತನ್ನ ಮಾತಿನಲ್ಲಿ ಹೇಳಲಿ. ನಗುವವರನ್ನು ತಿದ್ದಿ.

'ಧ'ಕಾರವನ್ನೂ ಕಲಿಯುತ್ತೇವೆ, ಅದು ಯಾರಪ್ಪನ ಸೊತ್ತೂ ಅಲ್ಲ. ಆದರೆ ಅದು ಬರುವ ತನಕ ಬಾಯಿ ಮುಚ್ಚಿ ಕೂರುವವರು ನಾವಲ್ಲ.