ಯಂತ್ರಕ್ಕೆ ಕಾಣದ ಅಮಲು

ಹೆಂಡ ಕುಡಿದು ವಾಹನ ನಡೆಸುವವನನ್ನು ಸಮಾಜ ಖಂಡಿಸುತ್ತದೆ. ಗಾಂಜಾ ಸೇದಿ ನಡೆಸುವವನನ್ನು ಕಂಡೂ ಕಾಣದಂತೆ ಬಿಡುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಫಜಲಪುರದ ರಸ್ತೆಗಳ ಮೇಲೆ ರಾತ್ರಿಯೂ ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳು ಹವಳಗಾ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಗಾಣಗಾಪುರದ ಭಕ್ತರೂ ಕುಂಥಲಗಿರಿಯ ಯಾತ್ರೆಗೆ ಹೊರಟ ಶ್ರಾವಕ ಕುಟುಂಬಗಳೂ ಇವೇ ರಸ್ತೆಗಳನ್ನು ನಂಬಿದ್ದಾರೆ. ಗಾಂಜಾ ದೂರದ ಊರಿನ ಪಿಡುಗೂ ಅಲ್ಲ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು 1,352 ಕಿಲೋ ಗಾಂಜಾ ವಶಪಡಿಸಿಕೊಂಡದ್ದು ಇದೇ ಕಲಬುರಗಿ ಜಿಲ್ಲೆಯ ಕುರಿಸಾಕಣೆಯ ತಾಣವೊಂದರಲ್ಲಿ.

ಕಾನೂನಾದರೂ ಏನು ಹೇಳುತ್ತದೆ? 1988ರ ಮೋಟಾರು ವಾಹನ ಅಧಿನಿಯಮದ 185ನೆಯ ಕಲಮು ಮದ್ಯಕ್ಕೆ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಗಡಿ ಹಾಕಿದೆ. ಮಾದಕ ವಸ್ತುವಿಗೆ ಅಂಥ ಅಂಕಿಯಿಲ್ಲ. ವಾಹನದ ಮೇಲೆ ಹತೋಟಿ ಉಳಿಯದಷ್ಟು ಅಮಲಿತ್ತೆಂದು ರುಜುವಾಗಬೇಕು. 2019ರ ತಿದ್ದುಪಡಿಯಿಂದ ಮೊದಲ ಅಪರಾಧದ ದಂಡ 10,000 ರೂಪಾಯಿಗೆ ಏರಿತು. ರುಜುವಾತಿನ ಭಾರ ಇಳಿಯಲಿಲ್ಲ. ಉಸಿರು ಪರೀಕ್ಷಿಸುವ ಯಂತ್ರ ಮದ್ಯವನ್ನಷ್ಟೇ ಗುರುತಿಸುತ್ತದೆ. ಯಂತ್ರ ಮದ್ಯವನ್ನು ತೋರಿಸಿದಾಗ, ಇಲ್ಲವೆ ಚಾಲಕನು ಊದಲೊಪ್ಪದಿದ್ದಾಗ ರಕ್ತ ಪಡೆಯಲು 204ನೆಯ ಕಲಮು ಅವಕಾಶ ಕೊಡುತ್ತದೆ. ಗಾಂಜಾ ಸೇದಿದವನು ನಿರ್ಭಯವಾಗಿ ಊದಿ ಮುಂದೆ ಸಾಗಬಲ್ಲನು.

ಗಾಂಜಾಕ್ಕೂ ಒಂದು ಅಂಕಿ ಗೊತ್ತುಮಾಡಿದರೆ ಸಾಕೆನ್ನುವವರಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯ 2012ರಲ್ಲಿ ಮಿಲಿಲೀಟರು ರಕ್ತಕ್ಕೆ 5 ನ್ಯಾನೋಗ್ರಾಂ ಎಂದು ಹಾಗೆಯೇ ಗೊತ್ತುಮಾಡಿತು. ಆದರೆ ಸೇದಿದ ಗಾಂಜಾದ ಸತ್ವ ರಕ್ತದಲ್ಲಿ ಬೇಗನೆ ಇಳಿಯುತ್ತದೆ, ಅಮಲು ಗಂಟೆಗಟ್ಟಲೆ ಉಳಿಯುತ್ತದೆ. ನಿತ್ಯ ಸೇದುವವನಲ್ಲಿ ಅಮಲಿಳಿದ ಮೇಲೂ ಅದರ ಅಂಶ ದಿನಗಟ್ಟಲೆ ಇರಬಹುದು. ಅಂಕಿಯೊಂದನ್ನೇ ನಂಬಿದರೆ ತಪ್ಪಿತಸ್ಥನು ಪಾರಾಗಿ ನಿರಪರಾಧಿ ಸಿಕ್ಕಿಬಿದ್ದಾನು. ಬೇಕಾದದ್ದು ಚಾಲಕನ ನಡೆ, ನುಡಿ, ಕಣ್ಣುಗಳನ್ನು ಪರೀಕ್ಷಿಸಬಲ್ಲ ತರಬೇತಾದ ಪೊಲೀಸರು; ಯಂತ್ರ ಶೂನ್ಯ ತೋರಿಸಿದರೂ ಸಂಶಯವಿದ್ದಲ್ಲಿ ರಕ್ತ ಪಡೆಯುವ ಸ್ಪಷ್ಟ ಅಧಿಕಾರ; ತಾಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ದೊರೆಯುವ ವೈದ್ಯರು. ಬಂಧಿಸಿದ 2 ಗಂಟೆಗಳೊಳಗೆ ವೈದ್ಯಪರೀಕ್ಷೆಯಾಗದಿದ್ದರೆ ಆರೋಪಿಯನ್ನು ಬಿಡಬೇಕೆಂಬುದು 202ನೆಯ ಕಲಮಿನ ನಿಯಮ.

‘ಗಾಂಜಾ ಸೇದಿದವನು ನಿಧಾನವಾಗಿ ನಡೆಸುತ್ತಾನೆ, ಅಪಾಯವಿಲ್ಲ’ ಎಂಬ ಸಮರ್ಥನೆಯೂ ಉಂಟು. ನಿಧಾನವಾಗುವುದು ಗಾಡಿಯೊಂದೇ ಅಲ್ಲ, ಬುದ್ಧಿಯೂ ಕೂಡ. ಕಾಲದ ಮತ್ತು ದೂರದ ಅಂದಾಜು ತಪ್ಪುತ್ತದೆ. ಎದುರಿಗೆ ಎತ್ತಿನ ಬಂಡಿ ಬಂದಾಗ ಕಾಲು ಬ್ರೇಕಿನ ಮೇಲೆ ತಡವಾಗಿ ಬೀಳುತ್ತದೆ.

ಕಾನೂನು ತಿದ್ದುವವರೆಗೆ ಸಮಾಜ ಕೈಕಟ್ಟಿ ಕೂಡಬೇಕೆ? ಹಿಂಸೆಯ ಮೂಲದಲ್ಲಿ ಪ್ರಮಾದವಿದೆಯೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಹಿಂಸೆಯ ಸಾಧನವನ್ನು ಪರರ ಕೈಗಿಡುವ ಹಿಂಸಾದಾನವನ್ನು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಅಮಲೇರಿದವನಿಗೆ ಕೊಟ್ಟ ಬೀಗದಕೈ ಹಿಂಸಾದಾನವಲ್ಲದೆ ಮತ್ತೇನು? 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆಯೆಂದು 188ನೆಯ ಕಲಮು ಸಾರುತ್ತದೆ.

ಯಾತ್ರೆಗೆ ಬಸ್ಸು ಗೊತ್ತುಮಾಡುವಾಗ ಬಸದಿಯ ಟ್ರಸ್ಟಿಗಳು ಕಿಲೋಮೀಟರಿನ ದರವನ್ನು ಚೌಕಾಶಿ ಮಾಡುತ್ತಾರೆ. ಚಾಲಕನಾರು, ಹಿಂದಿನ ರಾತ್ರಿ ಮಲಗಿದ್ದನೇ, ಅಮಲಿನ ಚಟವುಂಟೇ ಎಂದು ವಿಚಾರಿಸುವವರು ವಿರಳ. ಕಟ್ಟಿದ ಅಡಿಕೆ ಬುಟ್ಟಿಯಲ್ಲಿ ಇರುವೆ ಸಿಲುಕೀತೆಂದು ನೋಡುವ ಮನೆತನಗಳು ನಲವತ್ತು ಜನರನ್ನು ಹೊತ್ತ ಬಸ್ಸಿನ ಚಾಲಕನ ಮುಖವನ್ನೂ ಒಮ್ಮೆ ನೋಡಲಿ. ಸಂಶಯ ಬಂದರೆ ಬೇರೆ ಚಾಲಕನು ದೊರೆಯುವವರೆಗೆ ಯಾತ್ರೆ ನಿಲ್ಲಲಿ.